ಬುತ್ತಿ ಬಾರದ ಮನೆ

ಮಣ್ಣು ಕೊಟ್ಟು ಮರಳಿದವರ ಕಾಲಿಗೆ ನೀಲವ್ವ ತಂಬಿಗೆಯಿಂದ ನೀರು ಹಾಕುತ್ತಿದ್ದಳು. ಅಂದಾನೆಪ್ಪನ ಹೆಂಡತಿ ಕಳಕವ್ವನನ್ನು ಬೆಳವಣಕಿಯ ಹೊಲದ ಬದುವಿನ ಬಳಿ ಕುಣಿಯಲ್ಲಿ ಕುಳ್ಳಿರಿಸಿ, ವಿಭೂತಿ ಇಟ್ಟು, ಮುಚ್ಚಿ ಬಂದಿದ್ದರು. ಗಂಡಸರು ಕಟ್ಟೆಯ ಮೇಲೆ ಕುಳಿತು ಮಳೆ, ಜೋಳ ಎಂದು ಮಾತು ತೆಗೆದರು. ಹೆಂಗಸರು ಒಳಗೆ ಕುಳಿತು ಬಾಗಿಲ ಕಡೆ ನೋಡುತ್ತಿದ್ದರು.

ಸಾವಿನ ಮನೆಯಲ್ಲಿ ಅಂದು ಒಲೆ ಹೊತ್ತಿಸುವಂತಿಲ್ಲ. ಊರವರೇ ಬುತ್ತಿ ತರಬೇಕು. ಹೊತ್ತು ಇಳಿಯಿತು, ಬುತ್ತಿ ಬರಲಿಲ್ಲ. ಅಂದಾನೆಪ್ಪನ ಕಣ್ಣು ಕಾಣದ ಮುದುಕಿ ತಾಯಿ ಮೂಲೆಯಲ್ಲಿ ಹಸಿದು ಕುಳಿತಿದ್ದಳು.

"ಇನ್ನೂ ಯಾಕ ಬರಲಿಲ್ಲ ಈಕಿ?" ಎಂದು ನೆರೆಮನೆಯ ಹೊನ್ನವ್ವ ಪಿಸುಗುಟ್ಟಿದಳು.

"ಯಾರು?" ಎಂದಳು ನೀಲವ್ವ.

ಹೊನ್ನವ್ವ ತೆರೆದ ಬಾಯನ್ನು ಹಾಗೇ ಮುಚ್ಚಿದಳು. ಊರಿನ ಸಾವಿನ ಮನೆಗಳಿಗೆಲ್ಲ ಬುತ್ತಿ ತರುತ್ತಿದ್ದವಳು ಕಳಕವ್ವ. ಉಳಿದವರಿಗೆ ಆ ರೂಢಿಯೇ ತಪ್ಪಿಹೋಗಿತ್ತು. ಅಷ್ಟು ಮಂದಿ ಕೂತು, ಸತ್ತವಳೇ ಬುತ್ತಿ ತರಲೆಂದು ದಾರಿ ಕಾಯುತ್ತಿದ್ದರು. ಎಂಥ ನಾಚಿಕೆಗೇಡು. ಒಬ್ಬರ ಮುಖ ಒಬ್ಬರು ನೋಡಲಾರದೆ, ಹಾಲು ಹಿಂಡುವ ನೆವ ಹೇಳಿ ಒಬ್ಬೊಬ್ಬರೇ ಎದ್ದು ಹೋದರು.

*

ಹಿಂದಿನ ವರ್ಷ ನರಗುಂದದ ಕೋಟೆಯ ಮೇಲೆ ಕಂಪನಿಯ ದಂಡು ಬಿದ್ದಾಗ ಕಳಕವ್ವನ ತಮ್ಮ ಒಳಗಿದ್ದ. ತಿರುಗಿ ಬರಲಿಲ್ಲ. ಕುದುರೆ ಸವಾರರು ಊರೂರು ಸುತ್ತಿ ಅಂಥವರ ನಂಟರನ್ನು ವಿಚಾರಿಸತೊಡಗಿದ ಮೇಲೆ ಊರು ಹೆದರಿ ಅವಳನ್ನು ದೂರ ಇಟ್ಟಿತು. ಬಾವಿಯಲ್ಲಿ ಅವಳು ಕೊಡ ಇಳಿಬಿಟ್ಟರೆ ಉಳಿದವರು ಸರಿದು ನಿಲ್ಲುತ್ತಿದ್ದರು. ಸರಿಯುವುದರಲ್ಲಿ ನೀಲವ್ವನೇ ಮುಂದು.

ಶ್ರಾವಣದಲ್ಲಿ ನೀಲವ್ವನ ಮಾವ ತೀರಿಕೊಂಡ. ಊರು ದೂರ ಇಟ್ಟರೂ ಕಳಕವ್ವ ಎಂದಿನಂತೆ ರೊಟ್ಟಿ, ಪುಂಡಿಪಲ್ಲೆ ಹೊತ್ತು ಬಂದಳು. ಅವಳು ಹೊಸ್ತಿಲು ದಾಟುವ ಮೊದಲೇ ನೀಲವ್ವ ಬುಟ್ಟಿ ಕಸಿದು, ಅವಳು ನೋಡುತ್ತಿದ್ದಂತೆಯೇ ರೊಟ್ಟಿಯನ್ನೆಲ್ಲ ಎಮ್ಮೆಯ ಗೋದಲಿಗೆ ಸುರಿದಳು.

ಮರುದಿನ ಕಳಕವ್ವ ಮತ್ತೆ ಬಂದಳು. ಬುಟ್ಟಿ ನಿನ್ನೆಗಿಂತ ಭಾರವಾಗಿತ್ತು.

"ಎಮ್ಮೀಗೂ ಇರ್ಲಿ ಅಂತ ಹೆಚ್ಚು ಬಡದೀನಿ, ತಂಗಿ. ಹುಡುಗ್ರು ಹಸ್ದಾವು, ಮೊದ್ಲ ಅವಕ್ಕ ಹಾಕು."

ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನೀಲವ್ವನಿಗೆ ಎಷ್ಟೋ ಹಗುರಾಗುತ್ತಿತ್ತು. ಮಕ್ಕಳು ಉಂಡವು. ನೀಲವ್ವನೂ ಉಂಡಳು, ಬಾಗಿಲು ಹಾಕಿಕೊಂಡು. ಬಾವಿಯಲ್ಲಿ ಸರಿದು ನಿಲ್ಲುವುದನ್ನು ಮಾತ್ರ ಬಿಡಲಿಲ್ಲ.

*

ದೀಪ ಹಚ್ಚುವ ಹೊತ್ತಿಗೆ ನೀಲವ್ವ ರೊಟ್ಟಿ ಬಡಿದು, ಬದನೆಕಾಯಿ ಪಲ್ಲೆ ಮಾಡಿ, ಬುಟ್ಟಿ ಹೊತ್ತು ಅಂದಾನೆಪ್ಪನ ಬಾಗಿಲಲ್ಲಿ ನಿಂತಳು. ಅವನು ಬುಟ್ಟಿ ಎತ್ತಿ ಬೀದಿಗೆ ಎಸೆದರೂ ತಪ್ಪಿಲ್ಲ ಎನಿಸಿತು.

"ಬುತ್ತಿ ತಂದೀನ್ರಿ, ಅಣ್ಣಾ. ನನ್ನ ಕೈ ಅಡಗಿ ಬ್ಯಾಡಂದ್ರ ತಿರುಗಿ ಒಯ್ತೀನ್ರಿ."

ಅವನು ತಿಳಿಯದೆ ನೋಡಿದ. "ಯಾಕ ಬ್ಯಾಡ ಅನ್ಲಿ, ತಂಗಿ?" ಎಂದು ಬುಟ್ಟಿ ಇಳಿಸಿಕೊಂಡು ತಾಯಿಗೆ ರೊಟ್ಟಿ ಮುರಿದು ಕೊಟ್ಟ.

ನೀಲವ್ವನಿಗೆ ತಡೆಯಲಾಗಲಿಲ್ಲ. ಮಾವ ಸತ್ತಾಗ ತನ್ನ ಮನೆಯಲ್ಲಿ ನಡೆದದ್ದನ್ನು ಕಳಕವ್ವಕ್ಕ ಹೇಳಿರಬೇಕಲ್ಲ ಎಂದು ಕೇಳಿಯೇಬಿಟ್ಟಳು.

"ಹೇಳಿದ್ಲು. ಖಾಲಿ ಬುಟ್ಟಿ ಹಿಡ್ಕೊಂಡು ನಕ್ಕೋತ ಬಂದ್ಲು. ನೀಲವ್ವನ ಮನ್ಯಾಗ ಒಂದೂ ಉಳಸಲಿಲ್ಲ, ನಾಳಿಗೆ ಹೆಚ್ಚು ಬಡೀಬೇಕು ಅಂದ್ಲು."

ಹಾಗೆಂದವನು ಒಂದು ರೊಟ್ಟಿಯ ಮೇಲೆ ಪಲ್ಲೆ ಹಾಕಿ ಅವಳ ಕೈಗಿಟ್ಟ. "ನೀನೂ ಮುಂಜಾನಿಂದ ಉಂಡಿಲ್ಲ. ಕುಂಡ್ರು."

ತಾಯಿ ಮಗ ಉಣ್ಣತೊಡಗಿದರು. ನೀಲವ್ವ ರೊಟ್ಟಿಯನ್ನು ಅಂಗೈಯಲ್ಲಿ ಹಿಡಿದೇ ಕುಳಿತಳು. ಪಲ್ಲೆಯ ಎಣ್ಣೆ ಬೆರಳಸಂದಿಯಿಂದ ಇಳಿದು, ಬಳೆಗಳನ್ನು ದಾಟಿ, ಮೊಣಕೈವರೆಗೆ ಹರಿಯಿತು.