ಥೊವಾಳ ಕೂಗು

ಥೊವಾ ತೀರಿಕೊಂಡ ಮೇಲೂ ಅವಳ ದನಿ ಪ್ರತಿ ಸಂಜೆ ನಮ್ಮ ಓಣಿಗೆ ಬರುತ್ತಿತ್ತು. ಅವಳ ಗಂಡ ಖಿಯೆಮ್ ಸೈಕಲ್ಲಿನ ಹಿಂದೆ ಹಬೆಯಾಡುವ ಕಡುಬಿನ ಪಾತ್ರೆ ಕಟ್ಟಿ, ಹ್ಯಾಂಡಲಿಗೆ ಸ್ಪೀಕರೊಂದನ್ನು ತೂಗುಹಾಕಿಕೊಂಡು ಕಾಲುವೆಯ ದಂಡೆಗುಂಟ ಬರುತ್ತಿದ್ದ. ಗಂಟಲು ಹರಿಯುವಂತೆ ಕೂಗಿ ಮಾರುವವರು ನಮ್ಮ ಊರಾದ ಸಾ ದೆಕ್‌ನಲ್ಲಿ ಈಗ ಉಳಿದಿಲ್ಲ. ಎಲ್ಲರ ಕೂಗೂ ಯಂತ್ರದ್ದೇ. ಹೆಚ್ಚಿನವರದು ಯಾರದೋ ಎರವಲು ದನಿ. ಖಿಯೆಮ್‌ನದು ಮಾತ್ರ ಹೆಂಡತಿಯದು.

"ಬಾನ್ ಯೋ... ಬಾಳೆಲೇಲಿ ಬೇಯಿಸಿದ ಬಿಸಿ ಬಿಸಿ ಬಾನ್ ಯೋ..."

ಕೂಗು ದಾಖಲಿಸಿದ ದಿನ ರೆಕಾರ್ಡಿಂಗ್ ನಿಲ್ಲಿಸುವುದು ಹೇಗೆಂದು ಗಂಡನಿಗೆ ಕೂಡಲೇ ತಿಳಿಯಲಿಲ್ಲವಾದ್ದರಿಂದ, ಕೂಗಿನ ಕೊನೆಯಲ್ಲಿ ಅವಳ ಪಿಸುಮಾತೂ ಸೇರಿಕೊಂಡಿತ್ತು: "ಆಯ್ತೇನ್ರೀ?"

ಪ್ರತಿ ಸಲವೂ ಖಿಯೆಮ್ ಪೆಡಲು ತುಳಿಯುತ್ತಲೇ ಉತ್ತರಿಸುತ್ತಿದ್ದ: "ಆಯ್ತು ಕಣೇ."

"ಇಷ್ಟು ವರ್ಷ ಹೂಂಗುಟ್ಟಿದ್ದು ಸಾಲ್ಲಿಲ್ವೇನಣ್ಣ ನಿಂಗೆ?" ಎಂದು ಎದುರುಮನೆಯ ಬ್ಯಾಕ್ ಅವನನ್ನು ಛೇಡಿಸುತ್ತಿದ್ದಳು. "ಹೂಂ ಅಂದ್ರೇನೇ ತಾಯಿ, ಅವಳು ಮುಂದಕ್ಕೆ ಹೋಗೋದು," ಎನ್ನುತ್ತಿದ್ದ ಅವನು.

ಒಂದು ಸಂಜೆ ಸೈಕಲ್ಲು ಸದ್ದಿಲ್ಲದೆ ಬಂದು ನನ್ನ ಗೇಟಿನ ಬಳಿ ನಿಂತಿತು. ಖಿಯೆಮ್ ಸ್ಪೀಕರನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದ.

"ಮೇಷ್ಟ್ರೇ, ಇವಳು ಮಾತಾಡ್ತಿಲ್ಲ."

ಅವನ ಜೇಬಿನಲ್ಲಿ ಹೊಸ ಫೋನಿತ್ತು. ಹಳೆಯದರ ಬ್ಯಾಟರಿ ಊದಿಕೊಂಡಿದ್ದರಿಂದ ಸೇತುವೆಯಾಚೆಯ ಅಂಗಡಿಯಲ್ಲಿ ಅದನ್ನು ಕೊಟ್ಟು ಇದನ್ನು ತಂದಿದ್ದನಂತೆ.

"ಥೊವಾ ದನಿ ಹಳೇ ಫೋನಲ್ಲಿತ್ತಲ್ಲ ಖಿಯೆಮ್. ಅದನ್ನ ಹೊಸದಕ್ಕೆ ಹಾಕಿಸ್ಕೊಂಡ್ಯಾ?"

ಅವನಿಗೆ ನಗು ಬಂತು. ಸ್ಪೀಕರನ್ನು ಮೆಲ್ಲಗೆ ತಟ್ಟಿದ. "ಫೋನಲ್ಲೆಲ್ಲಿ? ಅದು ಬರೀ ಗುಂಡಿ ಒತ್ತೋಕೆ. ಇದರಲ್ಲಿದಾಳೆ. ಅವಳು ಬರೋದು ಇಲ್ಲಿಂದಾನೇ ಅಲ್ವಾ? ಅದಕ್ಕೇ ಇದನ್ನ ಮಾತ್ರ ಯಾರ ಕೈಗೂ ಕೊಟ್ಟಿಲ್ಲ ನಾನು."

ನಲವತ್ತು ವರ್ಷ ಪಾಠ ಹೇಳಿದ ನನಗೆ ಆ ಒಂದು ಪಾಠವನ್ನು ಆರಂಭಿಸುವುದು ಕಷ್ಟವಾಯಿತು.

"ಇದು ಬರೀ ಬಾಯಿ ಖಿಯೆಮ್. ಇದಕ್ಕೆ ಏನೂ ನೆನಪಿರಲ್ಲ. ಫೋನು ತಂತಿ ಇಲ್ದೆ ಕಳಿಸಿದ್ದನ್ನ ಇದು ಗಟ್ಟಿಯಾಗಿ ಹೇಳುತ್ತೆ, ಅಷ್ಟೇ. ಅದನ್ನೇ ಬ್ಲೂಟೂತ್ ಅನ್ನೋದು."

ಅವನು ಸ್ಪೀಕರನ್ನು ಮತ್ತೆ ಹ್ಯಾಂಡಲಿಗೆ ತೂಗುಹಾಕಿದ. "ಹಾಗಾದ್ರೆ ಅವಳು ಅಂಗಡೀಲಿದಾಳೆ," ಎಂದು ಸೈಕಲ್ ತಿರುಗಿಸಿದ. ನಾನೂ ಹಿಂದೆಯೇ ಹೊರಟೆ.

ಅಂಗಡಿಯ ತ್ರಿಯೆಟ್ ನನ್ನನ್ನು ಕಂಡು ಎದ್ದು ನಿಂತ. ನನ್ನ ಹಳೆಯ ಶಿಷ್ಯನೇ.

"ಅದನ್ನ ತಾತನ ಮುಂದೇನೇ ಪೂರ್ತಿ ಅಳಿಸಿ ಬೇರೆ ಊರಿಗೆ ಕಳಿಸಿಬಿಟ್ವಿ ಸಾರ್. ಇನ್ನು ಯಾರಿಂದ್ಲೂ ವಾಪಸ್ ತರೋಕಾಗಲ್ಲ. ಬ್ಯಾಕಪ್ ಬೇಕಾ ಅಂತ ಕೇಳ್ದೆ. ಸ್ಪೀಕರ್ ಪೇರಿಂಗ್ ಹೊಸದಾಗಿ ಮಾಡ್ಬೇಕು ಅಂತಾನೂ ಹೇಳ್ದೆ. ಎಲ್ಲಾದಕ್ಕೂ ತಲೆ ಆಡಿಸಿದ್ರು."

"ನೀನಂದಿದ್ದು ಒಂದೂ ತಿಳೀಲಿಲ್ಲ ಕಣಪ್ಪ," ಎಂದ ಖಿಯೆಮ್. "ಓದಿದ ಹುಡುಗ, ಕೆಟ್ಟದ್ದೇನು ಹೇಳ್ತಾನೆ ಅಂತ ತಲೆ ಆಡಿಸ್ದೆ."

ನನ್ನ ದನಿ ಏರಿತು. "ತಿಳೀದೆ ಇರೋನು ತಲೆ ಆಡಿಸಿದ್ರೆ ಅದು ಒಪ್ಪಿಗೆ ಅಲ್ಲ ತ್ರಿಯೆಟ್, ಮರ್ಯಾದೆ. ಅವನು ನಿನಗೆ ಕೊಟ್ಟ ಮರ್ಯಾದೆ. 'ತಾತ, ಇದರಲ್ಲಿರೋದೆಲ್ಲ ಹೋಗುತ್ತೆ' ಅಂತ ನಿಮ್ಮಮ್ಮ ಆಡೋ ಮಾತಲ್ಲಿ ಹೇಳೋಕೆ ನಿನಗೆ ಎಷ್ಟು ಹೊತ್ತು ಬೇಕಾಗಿತ್ತು?"

ತ್ರಿಯೆಟ್ ದುಷ್ಟನಲ್ಲ. ಆದರೆ ಕೇಳುವವನಿಗೆ ಅರ್ಥವಾಗದ ಮಾತನ್ನಾಡಿ, ತನ್ನ ಕರ್ತವ್ಯ ಮುಗಿಯಿತೆಂದು ಕೈತೊಳೆದುಕೊಳ್ಳುವವನು ಸುಳ್ಳು ಹೇಳುವವನಿಗಿಂತ ಎಷ್ಟು ಮೇಲು? ಸುಳ್ಳುಗಾರನನ್ನಾದರೂ ಹಿಡಿದು ಕೇಳಬಹುದು.

"ತಪ್ಪಾಯ್ತು ತಾತ," ಎನ್ನುತ್ತ ತ್ರಿಯೆಟ್ ಸ್ಪೀಕರನ್ನು ಎತ್ತಿಕೊಂಡು ಗುಂಡಿ ಒತ್ತಿದ. "ಹೊಸ ಫೋನಿಗೆ ಜೋಡಿಸಿ ಕೊಡ್ತೀನಿ. ಬಾನ್ ಯೋ ಕೂಗು ಬೇಕಾದಷ್ಟು ಸಿಗುತ್ತೆ. ಒಳ್ಳೆ ಹೆಣ್ಣುದನೀನೇ ಹಾಕ್ತೀನಿ."

ಸ್ಪೀಕರಿನ ಮೂಲೆಯಲ್ಲಿ ನೀಲಿ ದೀಪ ಮಿಣುಕತೊಡಗಿತು.

"ಇದ್ಯಾಕೆ ಹೀಗೆ ಮಿಣುಕ್ತಿದೆ?" ಎಂದು ಖಿಯೆಮ್ ಕೇಳಿದ.

ಈ ಬಾರಿ ತ್ರಿಯೆಟ್ ಮಾತುಗಳನ್ನು ಆರಿಸಿ ಹೇಳಿದ. "ಹಳೇ ಫೋನನ್ನ ಹುಡುಕ್ತಿದೆ ತಾತ. ದನಿ ನೆನಪಿಲ್ಲ ಇದಕ್ಕೆ. ಯಾವ ಫೋನಿನ ಜೊತೆ ಇತ್ತು ಅನ್ನೋದಷ್ಟೇ ನೆನಪು. ಎದ್ದ ಕೂಡಲೇ ಮೊದಲು ಅದನ್ನೇ ಹುಡುಕುತ್ತೆ."

"ಎಷ್ಟು ದೂರದವರೆಗೆ?"

"ಈ ಅಂಗಡಿಯಷ್ಟು ದೂರ. ಗೋಡೆ ಅಡ್ಡ ಬಂದ್ರೆ ಅದೂ ಇಲ್ಲ."

"ಹೊಸದಕ್ಕೆ ಜೋಡಿಸಿದ್ರೆ?"

"ಆಗ ಹೊಸದನ್ನ ಮೊದಲು ಹುಡುಕುತ್ತೆ."

ಖಿಯೆಮ್ ಕೈಚಾಚಿ ಸ್ಪೀಕರನ್ನು ಹಿಂದಕ್ಕೆ ಪಡೆದ. "ಬೇಡ ಬಿಡಪ್ಪ. ಹುಡುಕಲಿ."

ಮರುದಿನ ಸಂಜೆ ಓಣಿಯಲ್ಲಿ ಒಡಕು ಗಂಡುದನಿಯೊಂದು ಕೇಳಿಸಿತು. ಬ್ಯಾಕ್ ಬಾಗಿಲಿಗೆ ಬಂದಳು. ನಾನು ತಟ್ಟೆ ಹಿಡಿದು ಗೇಟಿಗೆ ಬಂದೆ. ಖಿಯೆಮ್ ತಾನೇ ಕೂಗುತ್ತಿದ್ದ. ಹೆಂಡತಿ ದನಿ ಎಳೆಯುತ್ತಿದ್ದಲ್ಲೇ ಎಳೆದ, ಅವಳು ಉಸಿರು ತೆಗೆದುಕೊಳ್ಳುತ್ತಿದ್ದಲ್ಲೇ ಉಸಿರು ತೆಗೆದುಕೊಂಡ. ಹ್ಯಾಂಡಲಿನಲ್ಲಿ ನೀಲಿ ದೀಪ ಮಿಣುಕುತ್ತಲೇ ಇತ್ತು.

ಕೂಗು ಮುಗಿಯಿತು. ರೂಢಿಯಂತೆ ಉತ್ತರ ಕೊಡಲು ಅವನ ಬಾಯಿ ತೆರೆಯಿತು. ಆದರೆ 'ಆಯ್ತೇನ್ರೀ?' ಎಂದು ಯಾರೂ ಕೇಳಿರಲಿಲ್ಲ. ಛೇಡಿಸಲೆಂದು ಬಂದಿದ್ದ ಬ್ಯಾಕ್ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದಳು. ತೆರೆದ ಬಾಯನ್ನು ಹಾಗೆಯೇ ಮುಚ್ಚಿಕೊಂಡು ಖಿಯೆಮ್ ಪಾತ್ರೆಯ ಮುಚ್ಚಳ ತೆಗೆದ.