ಊರ ಹಗೇವು

ಹಾರೆಯ ತುದಿ ಹಗೇವಿನ ಬಾಯಿಗಲ್ಲಿಗೆ ತಾಕಿ ಠಣ್ಣೆಂದಾಗ ಪಕ್ಕೀರಮ್ಮ ಗಂಡನ ಹೆಣದ ಮುಂದೆ ಕೂತಲ್ಲಿಂದಲೇ ತಲೆಯೆತ್ತಿದಳು. ಅಳು ನಿಂತಿತು. ಏನದು ಸದ್ದು ಎಂದು ಪಕ್ಕದಲ್ಲಿದ್ದ ಖಾಸಿಂ ಬೀಯನ್ನು ಕೇಳಿದಳು.

ಖಾಸಿಂ ಬೀ ಎದುರು ಮನೆಯವಳು, ಮೂವತ್ತು ವರ್ಷದ ನೆರೆ. ಊರ ಜೋಳದ ಹಗೇವು ತೆಗೆಯುತ್ತಿದ್ದಾರೆ, ಮಣ್ಣಿಗೆ ಬಂದವರ ಹೊಟ್ಟೆಗೆ ಏನಾದರೂ ಆಗಬೇಕಲ್ಲ ಎಂದಳು. ಪಕ್ಕೀರಮ್ಮ ಸದ್ದು ಬಂದತ್ತ ಹೊರಳಿ ಕೂತಳು.

ತಪ್ಪು ಯಾರದೂ ಅಲ್ಲ. ಅವಳ ಗಂಡ ಸುಂಕಪ್ಪನಂಥ ಕೂಲಿ ಮನುಷ್ಯನ ಮಣ್ಣಿಗೆ ನಲವತ್ತು ಜನ ಬಂದರೆ ಹೆಚ್ಚು ಎಂದು ಎಲ್ಲರೂ ಎಣಿಸಿದ್ದರು. ಬೆಳಗ್ಗೆ ಕೂಡ್ಲಿಗಿ ಬಸ್ಸು ಬಂತು. ಇಳಿದವರಲ್ಲಿ ಒಬ್ಬರೂ ಬೇರೆ ಓಣಿಗೆ ಹೋಗಲಿಲ್ಲ. ಹಂಪಸಾಗರದಿಂದ ಒಂದು ಟ್ರ್ಯಾಕ್ಟರ್ ತುಂಬ ಜನ ಬಂದರು. ತೆಲಿಗಿಯವರು ಎರಡು ಬಸ್ಸು ಬದಲಿಸಿ ಬಂದರು. ಮನೆ ಮುಂದಿನ ಬೇವಿನ ಮರದ ನೆರಳು ತುಂಬಿ, ಬಿಸಿಲೂ ತುಂಬಿತು. ಮಳೆ ಕೈಕೊಟ್ಟ ಎಂಬತ್ತೈದನೇ ಇಸವಿಯಲ್ಲಿ ಅಷ್ಟು ಜನಕ್ಕೆ ಜೋಳದ ನುಚ್ಚು ಬೇಯಿಸುವ ಶಕ್ತಿ ಯಾವ ಒಂದು ಮನೆಗೂ ಇರಲಿಲ್ಲ.

ಬಂದವರೆಲ್ಲರ ಹಗೇವಿಗೂ ಸುಂಕಪ್ಪ ಒಂದಲ್ಲ ಒಂದು ಸಲ ಇಳಿದವನೇ. ಅವನ ಕಸುಬೇ ಅದು. ಹಗೇವೆಂದರೆ ಜೋಳ ಕಾಪಿಡಲು ನೆಲದಲ್ಲಿ ತೋಡಿದ ಗುಂಡಿ; ಬಾಯಿ ಒಬ್ಬ ಮನುಷ್ಯ ತೂರುವಷ್ಟು, ಒಳಗೆ ಎರಡಾಳು ಆಳ, ಒಂದು ಕೋಣೆಯ ಅಗಲ. ಸುತ್ತ ಒಣ ದಂಟಿನ ಸೊಪ್ಪೆ ಹಾಸಿ, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಮುಟ್ಟುವುದಿಲ್ಲ. ಆದರೆ ಮುಚ್ಚಿದ ಹಗೇವಿನ ಗಾಳಿ ವಿಷ. ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಸಬೇಕು. ದೀಪ ಆರದೆ ನಿಂತರೆ ಮನುಷ್ಯ ಇಳಿಯಬಹುದು. ಆರಿದರೆ ಕೆಟ್ಟ ಗಾಳಿ ಹೋಗುವವರೆಗೆ ಬೇವಿನ ಟೊಂಗೆ ಕಟ್ಟಿ ಮೇಲೆ ಕೆಳಗೆ ಆಡಿಸುತ್ತ ಕಾಯಬೇಕು. ನಲವತ್ತು ವರ್ಷ ಸುಂಕಪ್ಪ ಇಳಿದ, ಮೇಲೆ ಹಗ್ಗ ಹಿಡಿದವಳು ಪಕ್ಕೀರಮ್ಮ. ಅಂಥ ಗುಂಡಿಗಳನ್ನೆಲ್ಲ ಗೆದ್ದವನು ಕಡೆಗೆ ಮನೆಯ ಕಟ್ಟೆಯ ಮೇಲೆ ಮೂರು ದಿನದ ಜ್ವರಕ್ಕೆ ಹೋದ.

ಅವನ ಮನೆ ಮುಂದಿನ ಬೇವಿನ ಬುಡದಲ್ಲಿದ್ದುದು ಊರ ಹಗೇವು. ಕೆಟ್ಟ ಕಾಲಕ್ಕಿರಲಿ ಎಂದು ಹಿರಿಯರ ಕಾಲದಲ್ಲಿ ಮನೆಮನೆಯಿಂದ ಬುಟ್ಟಿ ತಂದು ತುಂಬಿದ್ದು. ಎಪ್ಪತ್ತೆರಡರ ಬರದಲ್ಲೂ ಒಂದು ಕಾಳೂ ತೆಗೆಯದೆ ಉಳಿದ ಹಗೇವೆಂದು ಅದರ ಹೆಸರು ದೊಡ್ಡದು. ಕೊಟ್ಟೂರ ಸಂತೆಯಲ್ಲಿ ಊರವರು ಅದನ್ನು ಹೇಳಿಕೊಂಡು ಮೀಸೆ ತಿರುವುತ್ತಿದ್ದರು. ಈ ಊರಿಗೆ ಹೆಣ್ಣು ಕೊಡುವವರೂ ಅದನ್ನೇ ನೆನೆಸಿ ಧೈರ್ಯವಾಗಿ ಕೊಡುತ್ತಿದ್ದರು.

ಅದರೊಳಗೆ ಏನಿದೆ ಎಂದು ಬಲ್ಲವರು ಇಬ್ಬರೇ. ಒಬ್ಬ ಈಗ ಗೋಡೆಗೆ ಒರಗಿ, ಹಣೆಗೆ ವಿಭೂತಿ ಹಚ್ಚಿಸಿಕೊಂಡು, ಕೊರಳಲ್ಲಿ ಹೂವಿನ ಹಾರ ಹಾಕಿಕೊಂಡು ಸುಮ್ಮನೆ ಕೂತಿದ್ದ.

*

ಎಪ್ಪತ್ತೆರಡರಲ್ಲಿ ಹಿರಿಯರು ಸುಂಕಪ್ಪನನ್ನು ಕರೆದು, ಊರ ಹಗೇವಿನಲ್ಲಿ ಎಷ್ಟಿದೆ ನೋಡಿ ಬಾ ಎಂದರು. ನಸುಕಿನಲ್ಲಿ ಗಂಡಹೆಂಡಿರು ಕಲ್ಲು ಸರಿಸಿದರು. ಗಾಳಿ ಆಡಿಸಿ, ದೀಪ ನಿಂತ ಮೇಲೆ ಅವನು ಇಳಿದ. ಹೊತ್ತಾದರೂ ಬುಟ್ಟಿ ಎಳೆ ಎಂದು ಕೂಗಲಿಲ್ಲ. ಮೇಲೆ ಬಂದವನು ಮುಷ್ಟಿ ಬಿಚ್ಚಿದ. ಕರಿ ಮಣ್ಣಿನಂಥದು, ಹುಳಿ ನಾತ. ಯಾವುದೋ ದೊಡ್ಡ ಮಳೆಯಲ್ಲಿ ಪಕ್ಕದಿಂದ ನೀರು ಜಿನುಗಿ, ಊರಿನ ಜೋಳವೆಲ್ಲ ಕೊಳೆತುಹೋಗಿತ್ತು.

ಅವನು ಮೂರು ಸಲ ಕೈ ತೊಳೆದ. ಮತ್ತೆ ಕಲ್ಲು ಮುಚ್ಚಿ ಮಣ್ಣು ಕಲಸತೊಡಗಿದಾಗ ಪಕ್ಕೀರಮ್ಮ ಹೌಹಾರಿದಳು. ಹಿರಿಯರಿಗೆ ಹೇಳಬೇಡವೇ ಎಂದಳು.

"ಹೇಳಿದ್ರ ಇವತ್ತು ಸಂಜಿಗೇ ಇದ್ದವ್ರು ತಮ್ಮ ಹಗೇವಿನ ಮ್ಯಾಲೆ ಮಂಚ ಹಾಕ್ಕೊಂಡು ಮಲಗ್ತಾರ," ಎಂದ ಸುಂಕಪ್ಪ. "ಇಲ್ದವ್ರು ಊರು ಬಿಡ್ತಾರ. ನೀ ಬಾಯಿ ಮುಚ್ಚು, ನಾ ಇದರ ಬಾಯಿ ಮುಚ್ತೀನಿ."

ಚಾವಡಿಯಲ್ಲಿ ಅವನು ಹೇಳಿದ್ದು ಇಷ್ಟೇ: ಅದು ಊರಿನ ಕಡೆಯ ತುತ್ತು, ಮನೆಯಲ್ಲಿರುವುದೆಲ್ಲ ಮುಗಿದ ಮೇಲೆ ತೆಗೆಯೋಣ. ನಾಲ್ಕು ಹಗೇವಿನ ಧಣಿ ಜಂಬಯ್ಯ ಎರಡು ದಿನ ಯೋಚಿಸಿ, ಹೇಗೂ ಬೆನ್ನಿಗೆ ಊರ ಹಗೇವಿದೆಯಲ್ಲ ಎಂದು ತನ್ನದೊಂದನ್ನು ತೆಗೆಸಿದ. ಆಮೇಲೆ ಇನ್ನೊಂದು, ಕಡೆಗೆ ನಾಲ್ಕನ್ನೂ. ಅವನನ್ನು ನೋಡಿ ಉಳಿದವರೂ ತೆಗೆದರು. ಖಾಸಿಂ ಬೀ ಅಂದಂದಿನ ಹಿಟ್ಟನ್ನು ಎರಡು ಪಾಲು ಮಾಡಿ ಒಂದನ್ನು ನೆರೆಗೆ ಕೊಟ್ಟಳು.

ಸುಂಕಪ್ಪ ದಿನಾ ಸಂಜೆ ಆ ಕಲ್ಲಿನ ಮೇಲೆ ಕೂರುತ್ತಿದ್ದ. ಹಸಿದು ಬಂದವರಿಗೆ ಇಂಥವರ ಮನೆಗೆ ಹೋಗು ಎಂದು ದಾರಿ ತೋರಿಸುತ್ತಿದ್ದ. ಕದ್ದು ಉಣ್ಣುತ್ತಾನೆಂಬ ಮಾತು ಬರದಿರಲೆಂದು ತನ್ನ ಅಂಬಲಿಯನ್ನು ಎಲ್ಲರೆದುರು ಅಲ್ಲೇ ಕುಡಿಯುತ್ತಿದ್ದ. ತಟ್ಟೆಯ ತಳ ಕಾಣುವಷ್ಟು ತೆಳುವಾದ ಅಂಬಲಿ. ಅವನ ಪಕ್ಕೆಲುಬು ಎದ್ದು ಕಂಡಾಗ ಪಕ್ಕೀರಮ್ಮ, ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ಚುಚ್ಚಿದಳು. ಆ ಚುಚ್ಚುಮಾತು ಇವತ್ತು ತಿರುಗಿ ಅವಳಿಗೇ ಚುಚ್ಚುತ್ತಿತ್ತು.

ಮುಂದಿನ ವರ್ಷ ಮಳೆ ಬಂತು. ಒಂದು ಮನೆಯೂ ಬೀಗ ಹಾಕಿ ಹೋಗಿರಲಿಲ್ಲ. ಈಗಲಾದರೂ ಹೇಳು ಎಂದರೆ, ಇನ್ನೊಂದು ಬರ ಬಂದರೆ ಏನು ಮಾಡಲಿ ಎನ್ನುತ್ತಿದ್ದ. ಹಾಗೆಯೇ ಹದಿಮೂರು ವರ್ಷ ಹೋಯಿತು.

*

ಈಗ ಕಲ್ಲು ಸರಿದಿತ್ತು. ಹೆಣ ಎತ್ತಿದ ಮೇಲೆ ನೋಡಿದರಾಯಿತು ಎಂದು ಪಕ್ಕೀರಮ್ಮ ಖಾಸಿಂ ಬೀಯ ಕೈಯಲ್ಲಿ ಹೇಳಿಕಳಿಸಿದಳು. ಹಗೇವು ಕಾಯ್ದವನಿಗೆ ಇದೇ ಮರ್ಯಾದೆ, ಅವನ ಕಣ್ಣೆದುರೇ ಆಗಲಿ ಎಂದು ಜಂಬಯ್ಯನಿಂದ ಉತ್ತರ ಬಂತು. ಅವನಿಗೀಗ ಎಪ್ಪತ್ತು ದಾಟಿದೆ, ಮಾತು ಮಾತ್ರ ಇನ್ನೂ ಗಟ್ಟಿ.

ಹಗ್ಗಕ್ಕೆ ಕಟ್ಟಿ ಇಳಿಸಿದ ದೀಪ ಅರ್ಧದಲ್ಲೇ ಆರಿತು. ಮತ್ತೆ ಹಚ್ಚಿದರು, ಮತ್ತೆ ಆರಿತು. ಜಂಬಯ್ಯನ ಮೊಮ್ಮಗ ಹುಲುಗಪ್ಪ ಬಿಸಿ ರಕ್ತದ ಹುಡುಗ. ಹೊತ್ತೇರುತ್ತಿದೆ, ಜನ ಹಸಿದಿದ್ದಾರೆ, ಉಸಿರು ಬಿಗಿಹಿಡಿದು ಒಂದು ಬುಟ್ಟಿ ತುಂಬಿಕೊಂಡು ಬರುತ್ತೇನೆ ಎಂದು ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡ. ಬೇಡವೆಂದ ಹಿರಿಯರ ಮಾತು ಅವನ ಕಿವಿಗೆ ಬೀಳಲಿಲ್ಲ. ಕಾಲು ಆಗಲೇ ಬಾಯೊಳಗಿತ್ತು.

ಪಕ್ಕೀರಮ್ಮ ಗಂಡನ ಮುಖ ನೋಡಿದಳು. ಹದಿಮೂರು ವರ್ಷ ಕಾಯ್ದ ಮಾತು ಅದು. ಅವನು ಮಣ್ಣಿಗೆ ಹೋಗುವ ದಿನವೇ, ಇಷ್ಟು ಊರಿನವರೆದುರು, ಸುಳ್ಳುಗಾರನಾಗಬೇಕು. ಆದರೆ ದೀಪ ಆರಿದ ಗುಂಡಿಗೆ ಒಂದು ಜೀವ ಇಳಿಯಲು ಅವನೆಂದೂ ಬಿಟ್ಟವನಲ್ಲ.

"ಇಳಿಬ್ಯಾಡೋ ಹುಲುಗಪ್ಪ," ಎಂದಳು ಎದ್ದು ನಿಂತು. "ಅದರಾಗ ಏನೂ ಇಲ್ಲ."

ಹೆಣದ ಮುಂದೆ ನಡೆದಿದ್ದ ಭಜನೆಯ ತಾಳ ನಿಂತಿತು. ಅವಳು ಎಲ್ಲವನ್ನೂ ಹೇಳಿದಳು, ನಸುಕು, ಕರಿ ಮಣ್ಣು, ಮೂರು ಸಲ ತೊಳೆದ ಕೈ, ಯಾವುದನ್ನೂ ಬಿಡಲಿಲ್ಲ. ಹುಲುಗಪ್ಪ ಕಾಲು ಮೇಲೆಳೆದುಕೊಂಡು ಅಲ್ಲೇ ಕುಸಿದು ಕೂತ.

ಮೊದಲು ಬಾಯಿ ಬಿಟ್ಟವಳು ಖಾಸಿಂ ಬೀ. "ಹಂಗಾದ್ರ ಆ ವರ್ಷ ನಾವು ಉಂಡಿದ್ದು ಯಾತರ ಧೈರ್ಯಕ್ಕ, ಪಕ್ಕೀರಕ್ಕ?"

"ನಿಮ್ಮ ಜೋಳ ನೀವಾ ಉಂಡ್ರಿ. ನಮ್ಮಾತ ಬರೇ ಕಲ್ಲಿನ ಮ್ಯಾಲೆ ಕುಂತಿದ್ದ."

ಜಂಬಯ್ಯ ಕೋಲೂರಿಕೊಂಡು ಹೆಣದ ಮುಂದೆ ಬಂದ. ಈಗ ಬೈಗುಳ ಬರುತ್ತದೆಂದು ಪಕ್ಕೀರಮ್ಮ ಸೆರಗು ಬಿಗಿದುಕೊಂಡಳು. ಮುದುಕ ಬಹಳ ಹೊತ್ತು ಸುಂಕಪ್ಪನನ್ನೇ ನೋಡಿದ, ಊರಿಗೆ ಹೊಸದಾಗಿ ಬಂದವನನ್ನು ನೋಡುವಂತೆ.

"ನಾಲ್ಕು ಹಗೇವು ಬಿಚ್ಚಿದ ಧರ್ಮಾತ್ಮ ನಾನಂತ ಇಷ್ಟು ವರ್ಷ ತಿರುಗಾಡಿದೆ," ಎಂದ. "ಬಿಚ್ಚಿಸಿದಾತ ಇಲ್ಲಿ ಕುಂತಾನ."

ತಲೆಯ ರುಮಾಲು ಬಿಚ್ಚಿ ಕೂಲಿಯವನ ಪಾದದ ಮೇಲಿಟ್ಟ. ಅವನ ಬೋಳು ತಲೆಯನ್ನು ಊರು ಅವತ್ತೇ ಮೊದಲು ನೋಡಿದ್ದು. ಪಕ್ಕೀರಮ್ಮನಿಗೆ ಆಗ ಮತ್ತೆ ಅಳು ಬಂತು.

ಮಣ್ಣು ಮುಗಿಸಿ ಬಂದಾಗ ಸುಂಕಪ್ಪನ ಕಂಬಳಿಯನ್ನು ಯಾರೋ ಬೇವಿನ ಕೆಳಗೆ ಹಾಸಿದ್ದರು. ಸಾವಿನ ಮನೆಗೆ ಬರಿಗೈಯಲ್ಲಿ ಬರಬಾರದೆಂದು ಹೊರಗಿನವರು ಸೆರಗಿನಲ್ಲಿ, ಚೀಲದಲ್ಲಿ ತಂದಿದ್ದ ಕಾಳು ಅದರ ಮೇಲೆ ಬಿತ್ತು. ಖಾಸಿಂ ಬೀ ಮೊರದಲ್ಲಿ ತಂದಳು. ಜಂಬಯ್ಯನ ಮನೆಯಿಂದ ಒಂದು ಮೂಟೆ ಬಂತು. ಬಿಳಿ ಜೋಳ, ಕೆಂಪು ಜೋಳ, ನಡುನಡುವೆ ಸಜ್ಜೆ, ನವಣೆ. ಊಟಕ್ಕೆ ಅದರಲ್ಲೇ ನುಚ್ಚಾಯಿತು. ಉಂಡು ಕೈ ತೊಳೆದ ಮೇಲೂ ಯಾರೂ ಎದ್ದು ಹೋಗಲಿಲ್ಲ, ರಾಶಿಯೂ ತಗ್ಗಿರಲಿಲ್ಲ.

ಹುಲುಗಪ್ಪ ಮಧ್ಯಾಹ್ನದಿಂದ ಬೇವಿನ ಟೊಂಗೆ ಆಡಿಸಿ ಆಡಿಸಿ ಬೆವೆತಿದ್ದ. ರಾಶಿ ತುಂಬಬೇಕಾದರೆ ಒಳಗಿನದನ್ನೆಲ್ಲ ಕೆರೆದು ತೆಗೆದು, ಒಣಗಿಸಿ, ಹೊಸ ಸೊಪ್ಪೆ ಹಾಸಬೇಕು. ಆದರೆ ಅದಕ್ಕೂ ಮೊದಲು ನೋಡಬೇಕಾದ್ದು ಒಂದಿತ್ತು. ಅವನು ದೀಪ ಹಚ್ಚಿ, ಹಗ್ಗದ ತುದಿಯನ್ನು ತಂದು ಪಕ್ಕೀರಮ್ಮನ ಕೈಗೆ ಕೊಟ್ಟ.

ಬಳೆಯಿಲ್ಲದ ಕೈಯಿಂದ ಅವಳು ಹಗ್ಗವನ್ನು ಗೇಣು ಗೇಣಾಗಿ ಬಿಟ್ಟಳು. ಊರೆಲ್ಲ ಬಾಯಿಯ ಸುತ್ತ ಬಗ್ಗಿ ನೋಡಿತು. ಬೆಳಗ್ಗೆ ಆರಿದ ಜಾಗದಲ್ಲಿ ದೀಪದ ಕುಡಿ ಒಮ್ಮೆ ಬಾಗಿತು, ನೀಲಿಯಾಯಿತು, ಮತ್ತೆ ನೆಟ್ಟಗಾಯಿತು. ಹಗ್ಗ ಸಡಿಲವಾಯಿತು. ಎರಡಾಳು ಆಳದಲ್ಲಿ, ಸುಂಕಪ್ಪನ ಹೆಜ್ಜೆಗುರುತು ಇನ್ನೂ ಅಳಿಯದ ಕರಿ ಮಣ್ಣಿನ ಮೇಲೆ, ದೀಪ ನಿಂತು ಉರಿಯುತ್ತಿತ್ತು.