ಬೆಂಡು ಮುಳುಗೋ ಮುಂಚೆ

ಒಂದ್ನಿಮಿಷ ಕೂತ್ಕೊಳ್ಳಿ, ಇದೊಂದನ್ನ ಪೂರ್ತಿ ಕೇಳ್ಬಿಡಿ, ಆಮೇಲೆ ಬೇಕಾದ್ರೆ ಎದ್ದು ಹೋಗಿ. ವಾಚ್ ರಿಪೇರಿ ಮಾಡೋ ಅಪ್ಪ ಮಗಳ ಜೊತೆ ಕೆರೆ ದಂಡೇಲಿ ಕೂತು ಹದಿನೇಳನೇ ಸಲ ಗಾಳ ಎಳೆದ. ಎರೆಹುಳು ಮಾಯ. ಮೀನೂ ಇಲ್ಲ.

"ಮೀನು ಹಿಡೀತಿದ್ದೀಯೋ, ಊಟಕ್ಕೆ ಕರೆದಿದ್ದೀಯೋ?" ಪಕ್ಕದಲ್ಲಿ ಗಾಳ ಹಾಕಿದ್ದ ರಿಟೈರ್ಡ್ ಪೋಸ್ಟ್‌ಮ್ಯಾನ್ ಕಿಚಾಯಿಸ್ದ.

"ಮೂವತ್ತು ವರ್ಷ ನನ್ನ ಕಾಗದ ಎದುರು ಮನೆಗೆ ಹಾಕ್ದೋನು ನೀನು. ಸುಮ್ನಿರಯ್ಯಾ."

ನಗು ಬಂದ್ರೂ ಮಗಳು ನಗ್ಲಿಲ್ಲ. ಅವಳು ಬಸ್ ಡ್ರೈವರ್, ವಾರಕ್ಕೊಂದೇ ರಜೆ. ಮೂರು ತಿಂಗಳಿಂದ ಅಪ್ಪನ ಬಲಗೈ ನಡುಗ್ತಿದೆ, ಅಂಗಡಿ ಶಟರ್ ಇಳಿದೇ ಇದೆ. ಬೆಳಗ್ಗೆ ಮನೆ ಬಿಡುವಾಗ ಅಪ್ಪ ಖಡಾಖಂಡಿತ ಹೇಳಿದ್ದ: "ಈ ಕೆರೆ ಮೀನು ರೆಪ್ಪೆ ಬಡಿಯೋದ್ರೊಳಗೆ ಕಚ್ಚಿ ಓಡತ್ತೆ. ಅದನ್ನ ಹಿಡಿಯೋ ಕೈಗೆ ವಾಚಿನ ಸ್ಕ್ರೂ ಯಾವ ಮಹಾ? ಒಂದು ಹಿಡಿದ್ರೂ ನಾಳೆ ಶಟರ್ ಎತ್ತುತೀನಿ. ಇಲ್ಲಾಂದ್ರೆ ಬೀಗದ ಕೈ ನಿಂಗೆ ಕೊಡ್ತೀನಿ, ಮತ್ತೆ ಅಂಗಡಿ ಮಾತೇ ಎತ್ತಲ್ಲ."

"ದಾರದಲ್ಲಿ ತೇಲೋ ಬೆಂಡು ಪೂರ್ತಿ ಮುಳುಗೋವರೆಗೆ ಕಾಯ್ತೀಯಲ್ಲಪ್ಪಾ, ಅಷ್ಟೊತ್ತಿಗೆ ಅದು ಉಗುಳಿ ಹೋಗಿರತ್ತೆ," ಅಂದ್ಳು ಮಗಳು.

ಅಪ್ಪ ದಾರ ಮೇಲೆತ್ತಿ, ಕೆಟ್ಟ ವಾಚ್ ನೋಡೋ ಹಾಗೇ ನೋಡ್ದ. ಆಮೇಲೆ ಜೇಬಿಂದ ಚಿಮುಟ ತೆಗೆದ. ಮೀನು ಹಿಡಿಯೋಕೆ ಯಾರಾದ್ರೂ ಚಿಮುಟ ತರ್ತಾರಾ! ನೀರಿನ ಮೇಲೆ ಬೆಂಡಿನ ಕೆಂಪು ತುದಿ ಮಾತ್ರ ಕಾಣೋ ಹಾಗೆ ದಾರಕ್ಕೆ ಇನ್ನೊಂದು ಸೀಸದ ಗುಂಡು ಸೇರಿಸ್ದ. ಗುಂಡು ಎರಡು ಸಲ ಕೈಯಿಂದ ಬಿತ್ತು, ಎರಡು ಸಲವೂ ಹುಲ್ಲಲ್ಲಿ ಹುಡುಕಿ ತೆಗೆದ. ಮಗಳು ಕೈ ಚಾಚಿದ್ರೆ, "ಮುಟ್ಟಬೇಡ" ಅಂದ. ಮೀನು ಮೇಲ್ಮೇಲೇ ಓಡಾಡ್ತಿದೆ ಅಂತ ಬೆಂಡನ್ನ ಕೊಕ್ಕೆ ಹತ್ರಕ್ಕೆ ಜಾರಿಸ್ದ. ಕೊಕ್ಕೇನೂ ಸಣ್ಣದು, ಹುಳಾನೂ ಅಕ್ಕಿಕಾಳಷ್ಟು. ಬಲ ಮೊಣಕೈಯನ್ನ ಮಂಡಿಗೆ ಒತ್ತಿ ಹಿಡಿದ. ಕೈ ನಡುಗೋದು ನಿಂತಿತು.

"ತುದಿ ಅಲುಗಾಡಿದ ತಕ್ಷಣ ಎಳೆಯೋದು ಮಣಿಕಟ್ಟು ಮಾತ್ರ. ತೋಳಲ್ಲ," ಅಂತ ತನಗೇ ಹೇಳ್ಕೊಂಡ.

ಹದಿನೆಂಟು, ತಪ್ತು. ಹತ್ತೊಂಬತ್ತು, ಕೂದಲೆಳೇಲಿ ತಪ್ತು. ಇಪ್ಪತ್ತೈದಾದ್ರೂ ಅಪ್ಪ ಏಳ್ಲಿಲ್ಲ, ನೀರೂ ಕುಡೀಲಿಲ್ಲ.

"ಇದೇ ಕೊನೇದಾ?" ಪೋಸ್ಟ್‌ಮ್ಯಾನ್ ತನ್ನ ಬೆಂಡಿಂದ ಕಣ್ಣು ತೆಗೀದೇ ಕೇಳ್ದ.

"ಕೊನೇದು ನಿಮ್ಮಪ್ಪಂದು!" ಅಂತ ಅಪ್ಪ ಅವನ ಕಡೆ ತಿರುಗಿದ. ತಿರುಗಿದ್ದೇ ಮೊಣಕೈ ಮಂಡಿಯಿಂದ ಜಾರ್ತು. ಕೈ ತಟ್ಟನೆ ನಡುಗ್ತು. ಅದೇ ಕ್ಷಣಕ್ಕೆ ಅಲ್ಲಿ ಕೆಂಪು ತುದಿ ಅಲುಗಾಡ್ತು. ಕೋಲು ಬಾಗ್ತು, ಮೀನೊಂದು ಮಿಂಚಿನ ಹಾಗೆ ಮೇಲೆ ಬಂತು.

"ಹಿಡಿದ್ಯಲ್ಲೋ ಕಳ್ಳ!" ಪೋಸ್ಟ್‌ಮ್ಯಾನ್ ಎದ್ದು ಕುಣಿದ.

ಅಪ್ಪ ಕುಣೀಲಿಲ್ಲ. ಮೀನನ್ನ ಒದ್ದೆ ಅಂಗೈಲಿ ಹಿಡ್ಕೊಂಡು, ಚಿಮುಟದಲ್ಲೇ ಕೊಕ್ಕೆ ಬಿಡಿಸಿ ನೀರಿಗೆ ಬಿಟ್ಟ. ಬೀಗದ ಕೈಯನ್ನ ಜೇಬಿಂದ ತೆಗೆದು ತನಗೂ ಮಗಳಿಗೂ ನಡುವೆ ಕಲ್ಲಿನ ಮೇಲಿಟ್ಟ.

"ನೀನು ನೋಡ್ತಿದ್ದೆ. ನಿಜ ಹೇಳು ಮಗಳೇ, ನಾನು ಎಳೆದ್ನಾ, ನನ್ನ ಕೈ ಎಳೀತಾ?"

ಅವಳು ನೋಡಿದ್ಳು. ಎಲ್ಲಾ ನೋಡಿದ್ಳು. ಅಪ್ಪನ ಕೈಯಿಂದ ಇನ್ನೂ ನೀರು ತೊಟ್ಟಿಕ್ತಿತ್ತು, ಬೀಗದ ಕೈ ಮೇಲೆ ಒಂದೊಂದೇ ಹನಿ.

ಅವಳ ಜಾಗದಲ್ಲಿ ನೀವಿದ್ದಿದ್ರೆ ಏನು ಹೇಳ್ತಿದ್ರಿ?